ಕೂಸಿನ ಹಾಲು, ಕೂಸಿನ ನಿದ್ದೆ: ಕಲಬುರಗಿ ಬೇಸಿಗೆಯಲ್ಲಿ ಒಂದು ರೂಢಿ ಕೂಡಿಸುವುದು ಹೇಗೆ?

ಏಪ್ರಿಲ್ ಎರಡನೇ ವಾರ. ಶಹಾಬಜಾರದ ನಮ್ಮ ಮನೆಯ ಪಡಸಾಲೆಯಲ್ಲಿ ಕೂಲರ್ ಗುಡುಗುತ್ತಿದೆ. ಬಾಣಂತನಕ್ಕೆ ಬಂದ ತಂಗಿ ಗೋಡೆಗೆ ಒರಗಿ ಕೂತಿದ್ದಾಳೆ. ಕೂಸಿಗೆ ಐದು ವಾರ. ಅವಳ ಮೊಬೈಲಿನಲ್ಲಿ ಮೂರು ಗಂಟೆಗೊಂದರಂತೆ ಎಂಟು ಅಲಾರಾಂಗಳಿವೆ. ಮುಂದಿನದು ಬಡಿಯಲು ಇನ್ನೂ ನಲವತ್ತು ನಿಮಿಷ ಇರುವಾಗಲೇ ಕೂಸು ಅಳಲು ಶುರುಮಾಡಿತು.

"ಈಗರೆ ಕುಡಿದದಲ್ಲ, ಮತ್ಯಾಕ ಅಳ್ತದ?" ಅಂತ ತಂಗಿ. "ಬಿಸಲಿಗಿ ಗಂಟಲ ಒಣಗಿರ್ತದ, ನಾಕ್ ಹನಿ ನೀರ್ ಹಾಕವ್ವಾ" ಅಂತ ಆಯಿ. ಅಷ್ಟರಲ್ಲಿ ಭಾಲ್ಕಿಯಿಂದ ಅವಳ ಅತ್ತೆಯ ಫೋನು: "ಹಾಲು ಸಾಲವಲ್ದು ಕಾಣ್ತದ, ಡಬ್ಬಿ ಹಾಲು ಸುರು ಮಾಡ್ರಿ."

ಒಂದು ಅಳುವಿಗೆ ಮೂರು ಅರ್ಥ ಬಂದವು. ಯಾರೂ ಕೆಟ್ಟದ್ದನ್ನು ಬಯಸಿ ಹೇಳಿದ್ದಲ್ಲ. ಆದರೆ ಐದು ವಾರದ ಕೂಸಿನ ಹೊಟ್ಟೆಯೊಳಗೆ, ತಲೆಯೊಳಗೆ ನಡೆಯುತ್ತಿರುವುದು ಗೊತ್ತಿದ್ದರೆ ಮೂರೂ ಮಾತು ಹುಟ್ಟುತ್ತಿರಲಿಲ್ಲ. ಈ ಬೇಸಿಗೆಯಲ್ಲಿ ಮನೆಗೆ ಹೊಸ ಕೂಸು ಬಂದವರಿಗಾಗಿ ಆ ಒಳಗಿನ ಲೆಕ್ಕವನ್ನು ಮೊದಲಿನಿಂದ ಬಿಡಿಸಿ ನೋಡೋಣ.

ರೂಢಿ ಬೇರೆ, ವೇಳಾಪಟ್ಟಿ ಬೇರೆ

ವೇಳಾಪಟ್ಟಿ ರೈಲಿನದು. ಇಷ್ಟು ಗಂಟೆಗೆ ವಾಡಿ, ಇಷ್ಟು ಗಂಟೆಗೆ ಕಲಬುರಗಿ. ರೂಢಿ ಹೊಲದ್ದು. ಮಳೆ ಯಾವ ತಾರೀಖಿಗೆ ಬೀಳುತ್ತದೋ ಹೇಳಲಾಗದು, ಆದರೆ ಹರಗುವುದು, ಬಿತ್ತುವುದು, ಎಡೆ ಹೊಡೆಯುವುದು ಒಂದರ ಹಿಂದೆ ಒಂದು ಬಂದೇ ಬರುತ್ತವೆ. ತೊಗರಿ ಬೆಳೆಯುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಸಣ್ಣ ಕೂಸಿಗೆ ಬೇಕಾದದ್ದು ಈ ಎರಡನೆಯದು. ಎದ್ದ ಮೇಲೆ ಹಾಲು, ಹಾಲಾದ ಮೇಲೆ ತುಸು ಆಟ ಮಾತು, ಆಮೇಲೆ ನಿದ್ದೆ. ಗಂಟೆ ಹಿಂದೆ ಮುಂದೆ ಆದರೂ ಕ್ರಮ ಅದೇ. ಹುಟ್ಟಿದ ಮೊದಲ ಆರು ವಾರ ಈ ಕ್ರಮವೂ ಸರಿಯಾಗಿ ಕೂಡುವುದಿಲ್ಲ. ಕುಡಿಯುತ್ತಲೇ ಮಲಗುವುದು, ಮಲಗಿದಲ್ಲೇ ಬಾಯಿ ಚಪ್ಪರಿಸುವುದು ಇದ್ದದ್ದೇ. ಆರರಿಂದ ಎಂಟು ವಾರದ ಹೊತ್ತಿಗೆ ಒಂದು ಸುಳಿವು ಸಿಗುತ್ತದೆ, ಮೂರು ನಾಲ್ಕು ತಿಂಗಳಿಗೆ ದಿನಕ್ಕೊಂದು ಆಕಾರ ಬರುತ್ತದೆ. ಎರಡನೇ ವಾರದಲ್ಲೇ ಆಕಾರ ಕೊಡಲು ಹೊರಟರೆ ಸೋಲುವುದು ತಾಯಿಯೇ.

ಹೊಟ್ಟೆಯ ಅಳತೆ

ಹುಟ್ಟಿದ ದಿನ ಕೂಸಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು 5ರಿಂದ 7 ಮಿಲಿಲೀಟರ್, ಅಂದರೆ ಒಂದು ಚಹಾ ಚಮಚಕ್ಕಿಂತ ತುಸು ಹೆಚ್ಚು. ಹತ್ತನೇ ದಿನಕ್ಕೆ ಅದು 45ರಿಂದ 60 ಮಿಲಿಲೀಟರ್, ಒಂದು ಜವಾರಿ ಕೋಳಿಮೊಟ್ಟೆಯಷ್ಟು. ಇಷ್ಟೇ ಪಾತ್ರೆ. ಮೇಲಾಗಿ ತಾಯಿಯ ಹಾಲು ಬಹಳ ಬೇಗ ಕರಗುತ್ತದೆ. ಒಂದೂವರೆ ಎರಡು ತಾಸಿನಲ್ಲಿ ಹೊಟ್ಟೆ ಖಾಲಿ.

ಹೀಗಾಗಿ 24 ತಾಸಿನಲ್ಲಿ 8ರಿಂದ 12 ಸಲ ಕುಡಿಯುವುದು ಸಹಜ. ತಂಗಿ ಇಟ್ಟ ಎಂಟು ಅಲಾರಾಂ ಕನಿಷ್ಠ ಲೆಕ್ಕ. ಅವಳು ಅದನ್ನೇ ಗರಿಷ್ಠ ಅಂದುಕೊಂಡಿದ್ದಳು. ಅಲಾರಾಂ ನಿಜವಾಗಿ ಬೇಕಾಗುವುದು ಮೊದಲ ಎರಡು ವಾರ, ಅದೂ ಕೂಸು ಬಹಳ ಮಲಗುತ್ತಿದ್ದರೆ. ಹುಟ್ಟಿದಾಗಿನ ತೂಕ ಮರಳಿ ಬರುವವರೆಗೆ ಮೂರು ನಾಲ್ಕು ತಾಸಿಗಿಂತ ಹೆಚ್ಚು ಬಿಡದೆ ಎಬ್ಬಿಸಿ ಕುಡಿಸಬೇಕು.

ಮೊದಲ ಮೂರು ದಿನ ಬರುವ ಹಳದಿ, ಗಟ್ಟಿ ಗಿಣ್ಣದ ಹಾಲು ಹನಿಯಷ್ಟೇ ಇರುತ್ತದೆ. ಆ ಚಮಚದಷ್ಟು ಹೊಟ್ಟೆಗೆ ಅದೇ ತಕ್ಕ ಅಳತೆ. ಹಿಂಡಿ ಚೆಲ್ಲುವ ಪದ್ಧತಿ ಇನ್ನೂ ಕೆಲವು ಕಡೆ ಇದೆ. ಹಾಗೆ ಚೆಲ್ಲುವ ಹಾಲೇ ಕೂಸಿಗೆ ಸಿಗಬೇಕಾದ ಮೊದಲ ರೋಗನಿರೋಧಕ ಶಕ್ತಿ. ಹುಟ್ಟಿದ ಒಂದು ತಾಸಿನೊಳಗೆ ಎದೆಗೆ ಹಚ್ಚಬೇಕು ಅನ್ನುವುದು ಇದಕ್ಕೇ.

ಸೇದಿದಷ್ಟೂ ಊರುವ ಬಾವಿ

"ಎರಡು ತಾಸು ಬಿಟ್ಟರೆ ಹಾಲು ತುಂಬಿಕೊಳ್ಳುತ್ತದೆ, ಆಮೇಲೆ ಹೊಟ್ಟೆ ತುಂಬ ಕುಡಿಸು" ಅನ್ನುವುದು ನಮ್ಮಲ್ಲಿ ಸಾಮಾನ್ಯ ಮಾತು. ಎದೆಯನ್ನು ಮನೆ ಮೇಲಿನ ಸಿಂಟೆಕ್ಸ್ ಟ್ಯಾಂಕು ಅಂದುಕೊಂಡರೆ ಈ ಮಾತು ಸರಿ. ಆದರೆ ಅದು ಟ್ಯಾಂಕಲ್ಲ, ಊಟೆ ಇರುವ ಹಳೇ ಬಾವಿ. ಸೇದಿದಷ್ಟೂ ಸೆಲೆ ತೆರೆಯುತ್ತದೆ, ಸೇದುವುದು ಬಿಟ್ಟರೆ ಸೆಲೆ ಮುಚ್ಚುತ್ತದೆ.

ಒಳಗೆ ನಡೆಯುವುದು ಇಷ್ಟು. ಕೂಸು ಚೀಪಿದಾಗ ತಾಯಿಯ ಮಿದುಳಿಗೆ ಸುದ್ದಿ ಮುಟ್ಟುತ್ತದೆ. ಅಲ್ಲಿಂದ ಎರಡು ಹಾರ್ಮೋನುಗಳು, ಅಂದರೆ ರಕ್ತದಲ್ಲಿ ಹರಿದುಬರುವ ಸಂದೇಶಗಳು, ಹೊರಡುತ್ತವೆ. ಪ್ರೊಲ್ಯಾಕ್ಟಿನ್ ಹಾಲು ತಯಾರಿಸುತ್ತದೆ, ಆಕ್ಸಿಟೋಸಿನ್ ತಯಾರಾದ ಹಾಲನ್ನು ಹೊರಗೆ ತಳ್ಳುತ್ತದೆ. ಎದೆ ತುಂಬಿ ಬಿಗಿದಿದ್ದರೆ "ಸಾಕು, ತಯಾರಿಕೆ ನಿಧಾನ ಮಾಡು" ಅನ್ನುವ ಸೂಚನೆ ಎದೆಯೊಳಗೇ ಹುಟ್ಟುತ್ತದೆ. ಅಂದರೆ ತಡಮಾಡಿದಷ್ಟೂ ಹಾಲು ಕಡಿಮೆ.

ಈಗ ಭಾಲ್ಕಿಯ ಅತ್ತೆಯ ಸಲಹೆಯನ್ನು ಇದರ ಪಕ್ಕ ಇಟ್ಟು ನೋಡಿ. ಒಂದು ಹೊತ್ತು ಡಬ್ಬಿ ಹಾಲು ಕೊಟ್ಟರೆ ಆ ಹೊತ್ತಿನ ಸೇದುವಿಕೆ ತಪ್ಪಿತು. ನಾಳೆ ಆ ಹೊತ್ತಿಗೆ ಹಾಲು ತುಸು ಕಡಿಮೆ, ಕೂಸು ಮತ್ತೆ ಅಳುತ್ತದೆ, ಇನ್ನೊಂದು ಹೊತ್ತು ಡಬ್ಬಿ. ನಾಲ್ಕು ದಿನದಲ್ಲಿ "ನಾ ಹೇಳಿದ್ದೆ, ಹಾಲು ಸಾಲಂಗಿಲ್ಲ ಅಂತ" ಅನ್ನುವ ಮಾತು ನಿಜವೇ ಆಗಿಬಿಡುತ್ತದೆ. ವೈದ್ಯರು ತೂಕ ನೋಡಿ ಡಬ್ಬಿ ಹಾಲು ಬರೆದುಕೊಟ್ಟಿದ್ದರೆ ಅದು ಬೇರೆ ವಿಷಯ. ಆಗ ಡಬ್ಬಿಯ ಮೇಲಿನ ಅಳತೆಯಂತೆಯೇ, ಕುದಿಸಿದ ನೀರಿನಲ್ಲಿ ಕಲಸಬೇಕು. ಉಳಿಯಲಿ ಅಂತ ತೆಳ್ಳಗೆ ಮಾಡಬಾರದು, ಕುಡಿದು ಬಿಟ್ಟದ್ದನ್ನು ಮುಂದಿನ ಹೊತ್ತಿಗೆ ಇಡಬಾರದು.

ರಾತ್ರಿ ಹಾಲನ್ನು ಬಿಡಿಸುವ ಆತುರವೂ ಬೇಡ. ಪ್ರೊಲ್ಯಾಕ್ಟಿನ್ ರಾತ್ರಿ ಹೊತ್ತೇ ಹೆಚ್ಚು ಇರುತ್ತದೆ. ನಡುರಾತ್ರಿಯ ಒಂದು ಕುಡಿತ ಮರುದಿನದ ಹಾಲಿಗೆ ಹಾಕಿದ ಮುಂಗಡ.

ಹಾಗಾದರೆ ಯಾವಾಗ ಕುಡಿಸಬೇಕು? ಕೂಸು ಕೇಳಿದಾಗ. ಕೇಳುವುದಕ್ಕೆ ಅದಕ್ಕೆ ಅದರದೇ ಭಾಷೆ ಇದೆ. ಮೊದಲು ಬಾಯಿ ಚಪ್ಪರಿಸುತ್ತದೆ, ನಾಲಿಗೆ ಹೊರಹಾಕುತ್ತದೆ. ಆಮೇಲೆ ಗಲ್ಲಕ್ಕೆ ಏನು ತಾಗಿದರೂ ಆ ಕಡೆ ಮುಖ ತಿರುವಿ ಬಾಯಿ ತೆರೆಯುತ್ತದೆ, ಮುಷ್ಟಿಯನ್ನು ಬಾಯಿಗೆ ಒಯ್ಯುತ್ತದೆ. ಅಳು ಎಲ್ಲಕ್ಕಿಂತ ಕೊನೆಯದು. ಅಳು ಏರಿದ ಮೇಲೆ ಎದೆ ಹಿಡಿಯುವುದು ಅದಕ್ಕೂ ಕಷ್ಟ. ಮೊದಲು ಎದೆಗೆ ಒತ್ತಿ ಸಮಾಧಾನ ಮಾಡಿ, ಆಮೇಲೆ ಕುಡಿಸಬೇಕು.

ಇನ್ನು ಸಂಜೆಯ ಗೋಳು. ಆರರಿಂದ ಹತ್ತರವರೆಗೆ ಅರ್ಧರ್ಧ ತಾಸಿಗೆ ಎದೆ ಬೇಕು ಅನ್ನುವ ಕೂಸುಗಳಿವೆ. ಇದನ್ನು ಗುಂಪು ಕುಡಿತ ಅನ್ನಬಹುದು. ಹಾಲು ಕಡಿಮೆಯಾದ ಗುರುತಲ್ಲ ಅದು. ಮೂರನೇ ವಾರ, ಆರನೇ ವಾರ, ಮೂರನೇ ತಿಂಗಳ ಆಸುಪಾಸಿನಲ್ಲೂ ಎರಡು ಮೂರು ದಿನ ಇದೇ ಹಾವಳಿ. ಆಗ ಕೂಸು ತಟ್ಟನೆ ಬೆಳೆಯುತ್ತಿರುತ್ತದೆ, ಬಾವಿಗೆ ಹೆಚ್ಚಿನ ಬೇಡಿಕೆ ಬರೆದಿರುತ್ತದೆ.

ಸಾಲುತ್ತಿದೆಯೋ ಇಲ್ಲವೋ ಅನ್ನುವುದಕ್ಕೆ ಅಳುವಿಗಿಂತ ನಂಬಿಕೆಯ ಲೆಕ್ಕ ಲಂಗೋಟಿಯದು. ಐದಾರನೇ ದಿನದ ನಂತರ 24 ತಾಸಿನಲ್ಲಿ ಆರು ಅಥವಾ ಹೆಚ್ಚು ಸಲ ಉಚ್ಚೆ, ಅದೂ ತಿಳಿಬಣ್ಣದ್ದು. ಎರಡನೆಯದು ತೂಕ. ಮೊದಲ ದಿನಗಳಲ್ಲಿ ತುಸು ಇಳಿದು, ಎರಡು ವಾರದ ಹೊತ್ತಿಗೆ ಹುಟ್ಟಿದ ತೂಕಕ್ಕೆ ಮರಳಬೇಕು. ಆಮೇಲೆ ಮೊದಲ ಮೂರು ತಿಂಗಳು ದಿನಕ್ಕೆ 20ರಿಂದ 30 ಗ್ರಾಂ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕು. ತಕ್ಕಡಿ ಅವರ ಚೀಲದಲ್ಲೇ ಇರುತ್ತದೆ. ತೂಗಿಸಿ, ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ.

ಬಿಸಿಲು ಮತ್ತು ನೀರಿನ ಜಗಳ

ಬೇಸಿಗೆ ಬಂತೆಂದರೆ ಸರ್ಕಾರಿ ಕಚೇರಿಯ ವೇಳೆಯೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಸರಿಯುವ ಸೀಮೆ ನಮ್ಮದು. ಕೂಸಿನ ವೇಳೆ ಸರಿಯದೆ ಇರುತ್ತದೆಯೇ? ಪಾರಾ 42 ಡಿಗ್ರಿ ದಾಟಿದ ದಿನ ಕೂಸು ಸಣ್ಣ ಸಣ್ಣದಾಗಿ, ಹೆಚ್ಚು ಸಲ ಕುಡಿಯುತ್ತದೆ. ಹತ್ತು ನಿಮಿಷ ಕುಡಿದು ಬಿಟ್ಟು, ಮುಕ್ಕಾಲು ತಾಸಿಗೆ ಮತ್ತೆ ಕೇಳುತ್ತದೆ. ಅದು ನೀರಡಿಕೆಯೇ, ಆಯಿ ಅಂದದ್ದರಲ್ಲಿ ಅಷ್ಟು ನಿಜವಿದೆ. ಆದರೆ ಆ ನೀರಡಿಕೆಗೂ ಮದ್ದು ಎದೆಯಲ್ಲೇ ಇದೆ: ತಾಯಿಯ ಹಾಲಿನಲ್ಲಿ 100ಕ್ಕೆ ಸುಮಾರು 88 ಪಾಲು ನೀರೇ.

ನಾಲ್ಕು ಹನಿ ನೀರು ಕೊಟ್ಟರೆ ಏನಾಗುತ್ತದೆ ಅಂತ ಕೇಳಬಹುದು. ನಾಲ್ಕು ಹನಿ ನಾಳೆ ನಾಲ್ಕು ಚಮಚವಾಗುತ್ತದೆ. ಆ ಮೊಟ್ಟೆಯಷ್ಟು ಹೊಟ್ಟೆಯಲ್ಲಿ ನೀರು ಕೂತರೆ ಹಾಲಿಗೆ ಜಾಗವಿಲ್ಲ. ಸಣ್ಣ ಕೂಸಿನ ಮೂತ್ರಪಿಂಡಗಳು ಹೆಚ್ಚಿನ ನೀರನ್ನು ಹೊರಹಾಕುವಷ್ಟು ಬಲಿತಿರುವುದಿಲ್ಲ; ನೀರು ಬಹಳವಾದರೆ ರಕ್ತದಲ್ಲಿನ ಉಪ್ಪಿನಂಶ ಇಳಿದು ಫಿಟ್ಸ್ ಬರುವ ಅಪಾಯವೂ ಇದೆ. ಬೇಸಿಗೆಯಲ್ಲಿ ನಮ್ಮ ಕಡೆ ಕೊಡದಲ್ಲಿ ತುಂಬಿಟ್ಟ ನೀರು, ಟ್ಯಾಂಕರ್ ನೀರು ಎಷ್ಟು ಶುದ್ಧ ಅನ್ನುವುದು ಬೇರೆ ಪ್ರಶ್ನೆ. ಘುಟ್ಟಿ, ಬಜೆ ತೇಯ್ದ ನೀರು, ಗ್ರೈಪ್ ವಾಟರ್, ಬೆಲ್ಲದ ನೀರು ಎಲ್ಲಕ್ಕೂ ಇದೇ ಮಾತು. ಪೂರ್ತಿ ಆರು ತಿಂಗಳು ತಾಯಿಯ ಹಾಲು ಮಾತ್ರ, ಜೊತೆಗೆ ವೈದ್ಯರು ಬರೆದ ವಿಟಮಿನ್ ಡಿ ಹನಿ. ಜೇನುತುಪ್ಪವಂತೂ ಒಂದು ವರ್ಷದವರೆಗೆ ಬೇಡವೇ ಬೇಡ. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಾಣುಗಳು ಕೂಸಿನ ಕರುಳಿನಲ್ಲಿ ಮೊಳೆತು, ಸ್ನಾಯುಗಳನ್ನು ಸಡಿಲಗೊಳಿಸುವ ವಿಷ ಬಿಡುತ್ತವೆ.

ನೀರು ಕುಡಿಯಬೇಕಾದವಳು ತಾಯಿ. "ಬಾಣಂತಿ ನೀರು ಕುಡಿದರ ಹೊಟ್ಟಿ ಬರ್ತದ" ಅನ್ನುವ ಮಾತಿಗೆ ಕಿವಿಗೊಟ್ಟು ತಂಗಿ ದಿನಕ್ಕೆ ನಾಲ್ಕು ಲೋಟದಲ್ಲಿ ಇದ್ದಳು. ಈಗ ಅವಳ ಮಗ್ಗುಲಲ್ಲಿ ಒಂದು ತಂಬಿಗೆ ಇರುತ್ತದೆ. ಕೂಸು ಒಂದು ಸಲ ಕುಡಿದರೆ ಅವಳೂ ಒಂದು ಲೋಟ ಕುಡಿಯಬೇಕು ಅನ್ನುವುದು ಈಗ ಆಯಿಯದೇ ಕಾಯಿದೆ.

ಹಾಲು ಹಿಂಡಿ ಇಟ್ಟು ಕೆಲಸಕ್ಕೆ ಹೋಗುವವರಿಗೆ ಒಂದು ಎಚ್ಚರಿಕೆ. ಹಿಂಡಿದ ಹಾಲು ಹೊರಗೆ 4 ತಾಸು ಇರುತ್ತದೆ ಅನ್ನುವ ಲೆಕ್ಕ 25 ಡಿಗ್ರಿಯ ಕೋಣೆಗೆ ಹೇಳಿದ್ದು. ಮೇ ತಿಂಗಳ ನಮ್ಮ ಅಡುಗೆಮನೆಗೆ ಅದು ಅನ್ವಯಿಸುವುದಿಲ್ಲ. ಹಿಂಡಿದ ಕೂಡಲೇ ಫ್ರಿಜ್ಜಿಗೆ, ಅದೂ ಬಾಗಿಲಲ್ಲಲ್ಲ, ಒಳಗೆ ಹಿಂದಕ್ಕೆ. ಕರೆಂಟು ಬಹಳ ಹೊತ್ತು ಹೋಗುವ ಊರಾದರೆ ಅದನ್ನೂ ನಂಬಬೇಡಿ.

ಕೂಸಿಗೆ ರಾತ್ರಿ ಅನ್ನುವುದು ಗೊತ್ತಿಲ್ಲ

ಮೊದಲ ಮೂರು ತಿಂಗಳು ಕೂಸು ದಿನಕ್ಕೆ 14ರಿಂದ 17 ತಾಸು ಮಲಗುತ್ತದೆ. ಕೇಳಲು ಬಹಳ ಅನಿಸುತ್ತದೆ, ಆದರೆ ತಾಯಿಗೆ ಒಂದು ನಿದ್ದೆಯೂ ನೆಟ್ಟಗೆ ಸಿಗುವುದಿಲ್ಲ. ಕಾರಣ, ಅದು ಚಿಲ್ಲರೆಯಾಗಿ ಬರುತ್ತದೆ, ನೋಟಾಗಿ ಬರುವುದಿಲ್ಲ.

ನಮ್ಮೆಲ್ಲರ ಮಿದುಳಿನಲ್ಲಿ ಬೆಳಕು ನೋಡಿ ನಡೆಯುವ ಒಂದು ಗಡಿಯಾರ ಇದೆ. ಕತ್ತಲಾದಾಗ ಅದು ಮೆಲಟೋನಿನ್ ಅನ್ನುವ ಹಾರ್ಮೋನು ಬಿಡಿಸಿ ನಿದ್ದೆ ತರಿಸುತ್ತದೆ. ಬಸಿರಿನಲ್ಲಿದ್ದಾಗ ಕೂಸಿಗೆ ತಾಯಿಯ ಮೆಲಟೋನಿನ್ನೇ ಸಿಗುತ್ತಿತ್ತು. ಹೊಕ್ಕಳಬಳ್ಳಿ ಕತ್ತರಿಸಿದ ದಿನ ಅದು ನಿಂತಿತು. ತನ್ನದೇ ಗಡಿಯಾರ ನಡೆಯಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಅದಕ್ಕೆ ರಾತ್ರಿ ಎರಡು ಗಂಟೆಯೂ ಒಂದೇ, ಮಧ್ಯಾಹ್ನ ಎರಡು ಗಂಟೆಯೂ ಒಂದೇ. ಹೊಟ್ಟೆ ಎಬ್ಬಿಸಿದಾಗ ಏಳುತ್ತದೆ.

ಇನ್ನೊಂದು ವಿಷಯ ನಿದ್ದೆಯ ಸುತ್ತು. ದೊಡ್ಡವರ ನಿದ್ದೆಯ ಒಂದು ಸುತ್ತು ಸುಮಾರು 90 ನಿಮಿಷ, ಕೂಸಿನದು 50ರ ಆಸುಪಾಸು. ಅದರಲ್ಲಿ ಅರ್ಧ ಚುರುಕು ನಿದ್ದೆ: ರೆಪ್ಪೆಯೊಳಗೆ ಕಣ್ಣು ಹೊರಳುತ್ತದೆ, ಮುಖ ಕಿವುಚುತ್ತದೆ, ನಗುತ್ತದೆ, ಕುಂಯ್‌ಗುಡುತ್ತದೆ. "ಸಟವಿ ನಗಸ್ತಾಳ" (ಸಟವಿ ಅಂದರೆ ಕೂಸಿನ ಹಣೆಬರಹ ಬರೆಯುವ ದೇವತೆ) ಅಂತ ನಮ್ಮಲ್ಲಿ ಹೇಳುವುದು ಈ ನಗುವನ್ನೇ. ಆಗ ಎದ್ದಿತೆಂದು ಎತ್ತಿಕೊಂಡರೆ ನಿಜವಾಗಿಯೇ ಏಳುತ್ತದೆ. ಒಂದೆರಡು ನಿಮಿಷ ಕೈಕಟ್ಟಿ ನೋಡಿದರೆ ಎಷ್ಟೋ ಸಲ ತಾನೇ ಮರಳಿ ಮಲಗುತ್ತದೆ.

ರೊಟ್ಟಿ ತಿರುವುವ ಹೊತ್ತು

ಹೆಂಚಿನ ಮೇಲಿನ ಜೋಳದ ರೊಟ್ಟಿಗೆ ಒಂದು ಹೊತ್ತಿದೆ. ಬೇಗ ತಿರುವಿದರೆ ಹರಿಯುತ್ತದೆ, ತಡಮಾಡಿದರೆ ಬಿರಿದು ಖಡಕ್ ಆಗುತ್ತದೆ. ಕೂಸನ್ನು ಮಲಗಿಸುವುದಕ್ಕೂ ಅಂಥ ಹೊತ್ತಿದೆ. ಮೊದಲ ತಿಂಗಳಲ್ಲಿ ಎದ್ದ ಮುಕ್ಕಾಲು ತಾಸು, ಒಂದು ತಾಸಿಗೆ ಅದು ಮತ್ತೆ ದಣಿಯುತ್ತದೆ, ಕುಡಿಯುವ ವೇಳೆಯೂ ಅದರೊಳಗೇ ಸೇರಿತು. ಎರಡು ಮೂರು ತಿಂಗಳಲ್ಲಿ ಒಂದರಿಂದ ಒಂದೂವರೆ ತಾಸು. ನಾಲ್ಕನೇ ತಿಂಗಳ ಹೊತ್ತಿಗೆ ಎರಡು ತಾಸಿನ ಹತ್ತಿರ.

ಗುರುತುಗಳು: ನೋಟ ಎಲ್ಲೋ ನೆಟ್ಟುಬಿಡುವುದು, ಹುಬ್ಬು ಕೆಂಪಾಗುವುದು, ಆಟದಿಂದ ಮುಖ ತಿರುವುವುದು, ಆಕಳಿಕೆ. ಇದನ್ನು ದಾಟಿಸಿದರೆ ಮೈಯಲ್ಲಿ ಎಚ್ಚರದ ಹಾರ್ಮೋನು ಏರಿ, ದಣಿದಿದ್ದರೂ ಮಲಗಲಾರದೆ ಕೈಕಾಲು ಬಡಿದು ಅಳುತ್ತದೆ. "ಹಗಲಿ ಎಬ್ಸಿ ಇಟ್ರ ರಾತ್ರಿ ಛಲೋ ಮಲಗ್ತದ" ಅನ್ನುವ ಲೆಕ್ಕ ಈ ವಯಸ್ಸಿನಲ್ಲಿ ತಿರುಗುಬಾಣ.

ತಂಗಿ ಅಲಾರಾಂ ಅಳಿಸಿ ಒಂದು ನೂರು ಪುಟದ ನೋಟ್‌ಬುಕ್ ಇಟ್ಟಳು. ಮೂರು ಗೆರೆ, ಮೂರು ಅಕ್ಷರ: ಹಾ, ನಿ, ಉ. ಹಾಲು, ನಿದ್ದೆ, ಉಚ್ಚೆ. ಅದರ ಒಂದು ಸಾಲು ನನ್ನ ಮುಂದಿದೆ: "5.50 ಹಾ. 6.35 ನಿ. 7.20 ಎದ್ದ, ಉ. 7.30 ಹಾ. ಎಣ್ಣಿ ನೀರು. 8.30 ಹಾ. 8.45 ನಿ, 10.40ರ ತನಕ!" ಆ ಉದ್ಗಾರ ಚಿಹ್ನೆ ಅವಳದ್ದೇ. ಐದು ದಿನ ಬರೆದ ಮೇಲೆ ಪುಟವೇ ಮಾತಾಡಿತು. ಎರೆದ ನಂತರದ ನಿದ್ದೆಯೇ ದಿನದ ಅತಿ ಉದ್ದದ್ದು. ಸಂಜೆ ಏಳರಿಂದ ಒಂಬತ್ತು ದಿನಾ ಅಳು. ಉಚ್ಚೆ ಎಂದೂ ಏಳಕ್ಕಿಂತ ಕಡಿಮೆ ಇಲ್ಲ. ಹಾಲು ಸಾಲುತ್ತಿಲ್ಲ ಅನ್ನುವ ಮಾತು ಅಲ್ಲಿಗೆ ಮುಗಿಯಿತು. ಭಾಲ್ಕಿಗೂ ಆ ಪುಟದ ಫೋಟೊ ಹೋಯಿತು.

ಹಗಲು ರಾತ್ರಿ ಕಲಿಸುವುದು

ಎಣ್ಣೆ ಹಚ್ಚಿ, ಎರೆದು, ಹಾಲು ಕುಡಿಸಿ, ಜೋಗುಳ ಹಾಡಿ ತೊಟ್ಟಿಲಿಗೆ ಹಾಕುವುದು ನಮ್ಮ ಮನೆಗಳಲ್ಲಿ ಮೊದಲಿನಿಂದ ಇದೆ. ರೂಢಿ ಅಂದರೆ ಇದೇ. ಹೊಸದಾಗಿ ಪುಸ್ತಕದಿಂದ ತರಬೇಕಿಲ್ಲ. ಲೋಬಾನದ ಹೊಗೆ, ಮುಚ್ಚಿದ ಕೋಣೆಯಲ್ಲಿ ಹೊರಸಿನ ಕೆಳಗಿನ ಕೆಂಡ ಇವೆರಡನ್ನು ಮಾತ್ರ ಬಿಡಬೇಕು. ಹೊಗೆ ಸಣ್ಣ ಪುಪ್ಪುಸಕ್ಕೆ ಕೆಟ್ಟದ್ದು, ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷದ ಗಾಳಿಗೆ ವಾಸನೆಯೂ ಇಲ್ಲ.

ಬೇಸಿಗೆಯಲ್ಲಿ ಎರೆಯುವುದು ಬಿಸಿಲೇರುವ ಮೊದಲು. ಬೆಳಿಗ್ಗೆ ಕಿಟಕಿ ಪರದೆ ಸರಿಸಿ ಬೆಳಕು ಬರಲಿ, ಹಗಲಿನ ನಿದ್ದೆಯಲ್ಲಿ ಮನೆಯ ಮಾತು, ಪಾತ್ರೆ ಸದ್ದು ಇರಲಿ. ಸಂಜೆ ಒಂದೇ ಹೊತ್ತಿಗೆ ಉಗುರುಬೆಚ್ಚಗಿನ ಬಟ್ಟೆಯಿಂದ ಮೈ ಒರೆಸಿ, ತೆಳು ಹತ್ತಿ ಅಂಗಿ ಹಾಕಿ, ದೀಪ ಸಣ್ಣದು ಮಾಡಿ ಕುಡಿಸಿ. ನಡುರಾತ್ರಿ ಎದ್ದರೆ ದೊಡ್ಡ ಲೈಟು, ಮಾತು, ಮೊಬೈಲು ಬೇಡ. ಕುಡಿಸಿ, ತೇಗು ತರಿಸಿ, ಮತ್ತೆ ಮಲಗಿಸುವುದಷ್ಟೇ. ಎರಡು ಮೂರು ವಾರದಲ್ಲಿ ಮೈಗೆ ಗುರುತು ಹತ್ತುತ್ತದೆ.

ಆರನೇ ವಾರದ ಸುಮಾರಿಗೆ ಸಂಜೆಯ ಅಳು ಅತಿ ಹೆಚ್ಚು. ಆಮೇಲೆ ಇಳಿಯುತ್ತ, ಮೂರು ನಾಲ್ಕು ತಿಂಗಳಿಗೆ ತಗ್ಗುತ್ತದೆ. ಆ ಎರಡು ತಾಸಿಗೆ ಮನೆಯಲ್ಲಿ ಪಾಳಿ ಹಚ್ಚುವುದು ಒಳ್ಳೆಯದು. ನಮ್ಮಲ್ಲಿ ಮುತ್ಯಾ ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ತಿರುಗುತ್ತಾರೆ.

ಮಲಗಿಸುವ ಜಾಗ

ಅಂಗಾತ, ಸಮತಟ್ಟು, ಗಟ್ಟಿ ಹಾಸಿಗೆ. ಹಗಲಾಗಲಿ ರಾತ್ರಿಯಾಗಲಿ ಇದೇ. ತಲೆ ದುಂಡಗಾಗಲಿ ಅಂತ ಇಡುವ ಸಾಸಿವೆ ದಿಂಬು, ದಪ್ಪ ಕೌದಿ, ಮಲಗಿದಾಗ ಕುಂಚಿಗೆ ಬೇಡ. ಕೂಸು ತಲೆಯಿಂದಲೇ ಬಹಳಷ್ಟು ಶಾಖ ಬಿಡುತ್ತದೆ. ಸೀರೆಯ ಜೋಳಿಗೆಯಲ್ಲಿ ಬೆನ್ನು ಬಾಗಿ ಗದ್ದ ಎದೆಗೆ ಒತ್ತುತ್ತದೆ, ಉಸಿರಿನ ದಾರಿ ಕಿರಿದಾಗುತ್ತದೆ. ತೂಗಿ ಸಮಾಧಾನ ಮಾಡಲು ಬಳಸಿ, ನಿದ್ದೆ ಹತ್ತಿದ ಮೇಲೆ ಸಮತಟ್ಟಿಗೆ ಇಳಿಸಿ. ಕೂಲರಿನ ಗಾಳಿ ನೇರ ಮುಖಕ್ಕೆ ಬಡಿಯದಿರಲಿ. ಸೆಕೆಯೋ ಚಳಿಯೋ ಅಂತ ಕೈಕಾಲು ಮುಟ್ಟಿ ನೋಡಬೇಡಿ, ಕುತ್ತಿಗೆಯ ಹಿಂಭಾಗ ಮುಟ್ಟಿ. ಬೆವೆತಿದ್ದರೆ ಒಂದು ಬಟ್ಟೆ ಕಳಚಿ.

ರೂಢಿಯ ಮಾತು ಬಿಟ್ಟು ದವಾಖಾನೆಗೆ ಓಡಬೇಕಾದಾಗ

ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಜ್ವರ ಬಂದರೆ ಕಾಯಬಾರದು. ಕುಡಿಯುವುದನ್ನೇ ಬಿಟ್ಟರೆ, ಎಬ್ಬಿಸಿದರೂ ಏಳದೆ ಜೋತುಬಿದ್ದರೆ, ಉಚ್ಚೆ ತೀರ ಕಡಿಮೆಯಾಗಿ ನೆತ್ತಿ ಒಳಗೆ ಕುಸಿದರೆ, ಅಂಗಾಲಿನವರೆಗೆ ಹಳದಿ ಏರಿದರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ ಕೂಡಲೇ ಆಸ್ಪತ್ರೆ. ಗಾಡಿ ಸಿಗದಿದ್ದರೆ 108.

ಗಂಡನ ಮನೆಗೆ ಹೊರಟಾಗ

ಮೂರನೇ ತಿಂಗಳೋ ಐದನೇ ತಿಂಗಳೋ ಬಾಣಂತಿಯನ್ನು ಕಳಿಸಿಕೊಡುವುದು ನಮ್ಮಲ್ಲಿ ವಾಡಿಕೆ. ಕಷ್ಟಪಟ್ಟು ಕೂಡಿಸಿದ ರೂಢಿ ಅಂದು ಮುರಿಯುತ್ತದೆ. ಹೊಸ ಮನೆ, ಹೊಸ ವಾಸನೆ, ನೋಡಲು ಬರುವ ಹತ್ತು ಜನ. ಮೂರು ನಾಲ್ಕು ದಿನ ಹಾಲು ನಿದ್ದೆ ಎರಡೂ ಏರುಪೇರಾಗುತ್ತವೆ, ಆಮೇಲೆ ತಾವೇ ಕೂಡುತ್ತವೆ. ತಾಯಿ ಹಾಡುವ ಅದೇ ಜೋಗುಳ, ತೊಳೆಯದ ಅದೇ ಹಾಸುಬಟ್ಟೆ, ಸಂಜೆಯ ಅದೇ ಮೈ ಒರೆಸುವಿಕೆ ಜೊತೆಗೆ ಹೋದರೆ ಬೇಗ ಕೂಡುತ್ತವೆ.

ತಂಗಿ ಜೂನಿನಲ್ಲಿ ಹೊರಡುತ್ತಾಳೆ. ಕಮಲಾಪುರ, ಹುಮನಾಬಾದ್ ದಾಟಿ ಭಾಲ್ಕಿ. ಬೆಳಿಗ್ಗೆ 8.45ರ ಆ ಉದ್ದ ನಿದ್ದೆಯಲ್ಲೇ ಗಾಡಿ ಹೊರಡಬೇಕು, ಹುಮನಾಬಾದಿನಲ್ಲಿ ಒಮ್ಮೆ ನಿಲ್ಲಿಸಿ ಕುಡಿಸಬೇಕು ಅಂತ ಈಗಲೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದಾಳೆ.